ಮೀಟರಿಗೆ ಕೇಳದ ಕೀರಲು

ತವರಿಗೆ ಹೊರಟ ಅತ್ತಿಗೆಯ ಬ್ಯಾಗು ಬಾಗಿಲ ಬಳಿ ಬಂದು ಕೂತಿತ್ತು. ಕೂಸಿನ ಬಟ್ಟೆಗಳೂ ಅದರೊಳಗೇ. ಅಣ್ಣ ಮೆಟ್ಟಿಲ ಕೆಳಗೆ ಜೋಡಿಸಿದ ಹೊಸ ಇನ್ವರ್ಟರ್ ಚಾರ್ಜ್ ಆಗುವಾಗ ಕೀರುತ್ತದೆ, ತಲೆಯೊಳಗೆ ಸೂಜಿ ಆಡಿಸಿದಂತಾಗುತ್ತದೆ, ಕೂಸು ಮಲಗಿದರೂ ತನಗೆ ಕಣ್ಣು ಹತ್ತುವುದಿಲ್ಲ ಎಂದು ಅವಳು ತಿಂಗಳಿಂದ ಹೇಳುತ್ತಲೇ ಇದ್ದಳು.

ಅಣ್ಣ ಎಲೆಕ್ಟ್ರಿಷಿಯನ್. ಮನೆಯ ಜಗಳಕ್ಕೂ ಟೆಸ್ಟರ್ ಹಚ್ಚಿ ನೋಡುವ ಆಸಾಮಿ. ನಾನಿರುವುದು ಸ್ಪೀಕರ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಾದ್ದರಿಂದ, ಅಲ್ಲಿಂದ ಸದ್ದು ಅಳೆಯುವ ಮೀಟರ್ ತರಿಸಿಕೊಂಡ. ಹಾಸಿಗೆಯ ಬಳಿ ಹಿಡಿದು ಮೊದಲು ಫ್ಯಾನಿನದು ಅಳೆದ, ಆಮೇಲೆ ಅದನ್ನು ನಿಲ್ಲಿಸಿ ಇನ್ವರ್ಟರಿನದು. ಎರಡೂ ನಲವತ್ತೇ ಡೆಸಿಬೆಲ್. ಫ್ಯಾನಿನಡಿ ಗೊರಕೆ ಹೊಡೆಯುವವಳಿಗೆ ಇದು ಮಾತ್ರ ಹೇಗೆ ಚುಚ್ಚುತ್ತದೆ, ಎಲ್ಲ ಮನಸ್ಸಿನ ಆಟ, ನಾಳೆ ಡಾಕ್ಟರಿಗೆ ತೋರಿಸೋಣ ಎಂದ. ಅತ್ತಿಗೆ ಎದ್ದು ಹೋಗಿ ಬ್ಯಾಗು ತುಂಬಿದಳು.

ಮನೆಯಲ್ಲಿ ನಾನು ಬಾಯಿ ಬಿಡುವುದು ಊಟಕ್ಕಷ್ಟೇ ಎಂಬ ಖ್ಯಾತಿ ನನ್ನದು. ಆದರೂ ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿದೆ. ಕುರ್ಚಿಯ ಮೇಲೆ ಮೀಟರ್ ಇಟ್ಟು, ಒಂದು ದಪ್ಪ ದನಿ, ಒಂದು ಕೀರಲು ದನಿ, ಎರಡನ್ನೂ ಎಪ್ಪತ್ತಕ್ಕೆ ಸರಿಹೊಂದಿಸಿದೆ.

“ಅಣ್ಣಾ, ಒಂದ್ನಿಮಿಷ ಇಲ್ಲಿ ಕೂತ್ಕೊ.”

“ಓಹೋ, ಗುಮ್ಮನಗುಸ್ಕಿ ಬಾಯ್ಬಿಟ್ಲು,” ಎನ್ನುತ್ತಾ ಮೀಟರ್ ಕೈಗೆತ್ತಿಕೊಂಡು ಕೂತ.

ಮೊದಲ ದನಿ ಗುಂಯ್ ಎಂದಿತು. ಇಷ್ಟೇನಾ ಎಂಬಂತೆ ನನ್ನನ್ನೇ ನೋಡಿದ. ಎರಡನೆಯದು ಹೊರಟಿದ್ದೇ ತಡ, ಒಂದು ಕಿವಿಗೆ ಅಂಗೈ ಒತ್ತಿಕೊಂಡ.

“ಸೌಂಡ್ ಕಮ್ಮಿ ಮಾಡೇ, ಮಾರಾಯ್ತಿ.”

“ನಾನು ಜಾಸ್ತಿ ಮಾಡೇ ಇಲ್ಲ. ಮೀಟರ್ ನೋಡು.”

ಎಪ್ಪತ್ತು. ಅದನ್ನು ತಟ್ಟಿದ, ತಿರುಗಿಸಿ ನೋಡಿದ. ಈ ಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನಷ್ಟೇ, ಫ್ಯಾನಿನಂಥ ದಪ್ಪ ದನಿಗೆ ನಮ್ಮ ಕಿವಿ ಅರೆಗಿವುಡು, ಕೀರಲು ದನಿಗೆ ಬಲು ಚುರುಕು, ಹಾಗಾಗಿ ಅಂಕಿ ಒಂದೇ ಆದರೂ ಕೇಳಿಸುವುದು ಬೇರೆ ಎಂದು ತೊದಲುತ್ತಲೇ ಹೇಳಿ ಮುಗಿಸಿದೆ.

ಅಣ್ಣ ಎದ್ದು ಹೋಗಿ ಇನ್ವರ್ಟರ್ ಆಫ್ ಮಾಡಿ ಬಂದ. ಬ್ಯಾಗನ್ನು ಎತ್ತಿ ಕೋಣೆಯ ಕಡೆ ತಿರುಗಿದ.

“ಇಡಿ ಅಲ್ಲೇ,” ಎಂದಳು ಅತ್ತಿಗೆ. ದನಿ ಫ್ಯಾನಿನ ಸದ್ದಿಗಿಂತಲೂ ತಗ್ಗಿತ್ತು. “ನಾನು ತಿಂಗಳಿಂದ ಹೇಳಿದ್ದು ಕೇಳಿಸ್ಲಿಲ್ಲ. ನಿಮ್ಮ ಕಿವಿಗೆ ಚುಚ್ಚಿದ್ಮೇಲೆ ಕೇಳಿಸ್ತು.”

ಅಣ್ಣನ ಕೈ ಕಿವಿಯತ್ತ ಹೋಗಿ, ಅರ್ಧಕ್ಕೇ ಇಳಿಯಿತು. ಅತ್ತಿಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಅವನು ಬ್ಯಾಗು ಹಿಡಿದು ಅವಳ ಹಿಂದೆ ಬಸ್ ನಿಲ್ದಾಣದ ಕಡೆ ನಡೆದ.