ಕೆಳಮೂಲೆಯ ಗುರುತು

ಹತ್ತೂ ಬೆರಳು ಇಟ್ಟುಬಿಡಲೇ, ಬೇಡವೇ? ಇಟ್ಟರೆ ಇಪ್ಪತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದ ಹಟ ಹತ್ತು ನಿಮಿಷದಲ್ಲಿ ಮುರಿಯುತ್ತದೆ. ಇಡದಿದ್ದರೆ ಕುರ್ಚಿ ಹೋಗುತ್ತದೆ. ಎರಡು ತೋರುಬೆರಳುಗಳನ್ನು ಕೀಬೋರ್ಡಿನ ಮೇಲೆ ಹಿಡಿದುಕೊಂಡು ಅವನು ಗೋಡೆ ಗಡಿಯಾರವನ್ನೇ ನೋಡುತ್ತಿದ್ದ. ಪರೀಕ್ಷೆಗೆ ಇನ್ನು ಮೂರು ನಿಮಿಷವಿತ್ತು.

ಆಸ್ಪತ್ರೆಯ ಟೈಪಿಂಗ್ ವಿಭಾಗದಲ್ಲಿ ಅವನ ಹೆಸರು ಕೋಳಿ. ಎರಡೇ ಬೆರಳಲ್ಲಿ, ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಕುಕ್ಕುತ್ತಿದ್ದುದರಿಂದ ಬಂದ ಹೆಸರು. ಡಾಕ್ಟರುಗಳು ಹೇಳಿ ರೆಕಾರ್ಡು ಮಾಡಿಟ್ಟ ವರದಿಗಳನ್ನು ಕೇಳಿ ಕೇಳಿ ಟೈಪು ಮಾಡುವುದು ಅಲ್ಲಿನ ಕೆಲಸ. ಮಾಡಿದವರು ಹಾಳೆಯನ್ನು ಪೂರ್ತಿ ಓದಿ, ಕೆಳಗಿನ ಮೂಲೆಯಲ್ಲಿ ತಮ್ಮ ಗುರುತು ಹಾಕಬೇಕು. ಗುರುತಿಲ್ಲದ ಹಾಳೆ ವಾರ್ಡಿನ ಬಾಗಿಲು ದಾಟುವಂತಿಲ್ಲ. ಉಳಿದವರು ಓದದೆಯೇ ಗೀಚುತ್ತಿದ್ದರು. ಕೋಳಿ ಮಾತ್ರ ಸ್ಕೇಲಿಟ್ಟುಕೊಂಡು ಸಾಲುಸಾಲಾಗಿ ಓದುತ್ತಿದ್ದ.

ಹೊಸ ಅಧಿಕಾರಿ ಬಂದ ತಿಂಗಳಿಗೆ ಸುತ್ತೋಲೆ ಬಂತು. ನಿಮಿಷಕ್ಕೆ ನಲವತ್ತು ಪದ, ಹತ್ತು ನಿಮಿಷದ ಪರೀಕ್ಷೆ. ಆಗದವರು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ.

"ಕೋಳಣ್ಣ, ಕೆಳಗಡೆ ಬೆಚ್ಚಗಿರುತ್ತಂತೆ. ಆರಾಮಾಗಿ ಮೊಟ್ಟೆ ಇಡಬಹುದು," ಎಂದಿದ್ದಳು ಪಕ್ಕದ ಮೇಜಿನವಳು. ನಿಮಿಷಕ್ಕೆ ಅರವತ್ತು ಹೊಡೆಯುವ ಅವಳನ್ನು ಎಲ್ಲರೂ ಮಿಂಚು ಎನ್ನುತ್ತಿದ್ದರು.

"ಇಟ್ರೆ ಮೊದಲನೇದು ನಿಂಗೇ ಕಣಮ್ಮ. ಓದಿ, ಗುರುತು ಹಾಕೇ ಕಳಿಸ್ತೀನಿ."

ಅಕ್ಕನಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಲವತ್ತು ವರ್ಷದಿಂದ ಟೈಪಿಂಗ್ ಶಾಲೆ ನಡೆಸುತ್ತ ಬಂದವಳು ಅವಳು. ಕಲಿಯುವವರ ಕೈಮೇಲೆ ಟವೆಲು ಹೊದಿಸಿ, ನೋಡದೆ ಹತ್ತು ಬೆರಳಲ್ಲಿ ಹೊಡೆಯುವುದನ್ನು ಕಲಿಸುತ್ತಿದ್ದಳು. ಆ ಟವೆಲಿನಡಿಯಿಂದ ಹೊರಬಂದ ಅತಿ ವೇಗದ ಕೈ ಈ ತಮ್ಮನದೇ ಆಗಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವನು ಇದ್ದಕ್ಕಿದ್ದಂತೆ ಎಂಟು ಬೆರಳು ಮಡಿಸಿಬಿಟ್ಟ. ಯಾಕೆಂದು ಕೇಳಿ ಕೇಳಿ ಅಕ್ಕನ ಬಾಯಿ ಸೋತಿತ್ತು.

"ನನ್ನ ತಮ್ಮನೇ ಫೇಲಾದ್ರೆ ನಾನು ಬೋರ್ಡು ಕಿತ್ತಿಡಬೇಕು ಕಣೋ. ಬಾ, ಕೂತ್ಕೋ," ಎಂದು ತಿಂಗಳಿಡೀ ಸಂಜೆ ಅವನ ಕೈಮೇಲೆ ಮತ್ತೆ ಟವೆಲು ಹಾಕಿದಳು. "ಮೊದ್ಲು ತಪ್ಪಿಲ್ದೆ ಹೊಡಿ. ವೇಗ ಬೀದಿ ನಾಯಿ ಇದ್ದ ಹಾಗೆ, ಕರೀದಿದ್ರೂ ಹಿಂದೆ ಬರುತ್ತೆ."

ವಾರದೊಳಗೆ ಬೆರಳುಗಳಿಗೆ ಎಲ್ಲ ನೆನಪಾಯಿತು. ಅವನು ಹೆದರಿದ್ದು ಅದಕ್ಕೇ. ಟವೆಲಿನ ಕೆಳಗೆ ಬೆರಳುಗಳು ತಮ್ಮಷ್ಟಕ್ಕೆ ತಾವು ಓಡುತ್ತಿದ್ದರೆ ಮನಸ್ಸು ಬೇರೆಲ್ಲೋ ಹೋಗಿ ಕೂರುತ್ತಿತ್ತು.

ಕೆಲಸದ ಆ ಎರಡನೇ ವರ್ಷವೂ ಹಾಗೆಯೇ ಆಗಿತ್ತು. ಹಿರಿಯ ಸರ್ಜನ್ ಒಬ್ಬರ ವರದಿ. ಹಾಳೆಯಲ್ಲಿ ಬಲಗಡೆಯ ಮೂತ್ರಪಿಂಡ ಎಂದಿತ್ತು, ಕೆಟ್ಟಿದ್ದದ್ದು ಎಡಗಡೆಯದು. ಕೆಳಮೂಲೆಯಲ್ಲಿ ಅವನು ಓದದೆ ಹಾಕಿದ ಗುರುತಿತ್ತು. ರೋಗಿಗೆ ಅರಿವಳಿಕೆ ಕೊಟ್ಟಾದ ಮೇಲೆ, ಯಾಕೋ ಅನುಮಾನ ಬಂದು ಎಕ್ಸ್‌ರೇಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದ ಡಾಕ್ಟರು ಕತ್ತಿ ಕೆಳಗಿಟ್ಟರು. ರೋಗಿ ಉಳಿದ. ಸಂಜೆ ಡಾಕ್ಟರೇ ಟೈಪಿಂಗ್ ವಿಭಾಗಕ್ಕೆ ಬಂದು ಅವನ ಮೇಜಿನ ಮುಂದೆ ನಿಂತು, "ನಾನೇ ತಪ್ಪು ಹೇಳಿದೆ ಅಂತ ಕಾಣುತ್ತಪ್ಪಾ. ವಯಸ್ಸಾಯ್ತು ನೋಡು," ಎಂದರು. ಅದಾದ ಮೇಲೆ ಅವರು ಮತ್ತೆಂದೂ ಆಪರೇಷನ್ ಮಾಡಲಿಲ್ಲ. ಆ ಸಂಜೆ ಅವರು ಅತ್ತ ಹೋದಮೇಲೆ ಅವನು ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿದ. ಮಾರನೇ ದಿನದಿಂದ ಎರಡೇ ಬೆರಳು.

ಗಂಟೆ ಹೊಡೆಯಿತು. ಬೋರ್ಡು ಕಿತ್ತಿಡಬೇಕು ಎಂದ ಅಕ್ಕನ ಮುಖ ಕಣ್ಣೆದುರು ಬಂತು. ಹತ್ತೂ ಬೆರಳು ಇಳಿದವು.

ಹತ್ತು ನಿಮಿಷ ಕಳೆದದ್ದೇ ತಿಳಿಯಲಿಲ್ಲ. ಕೈ ನಿಂತಾಗ ಪರದೆಯಲ್ಲಿತ್ತು: ನಿಮಿಷಕ್ಕೆ ನಲವತ್ತೇಳು ಪದ, ತಪ್ಪು ಸೊನ್ನೆ.

"ಅಯ್ಯಯ್ಯೋ, ಕೋಳಿ ಹಾರಿಬಿಡ್ತಲ್ರೀ!" ಮಿಂಚು ಎದ್ದೇ ನಿಂತಳು.

ಅಧಿಕಾರಿಯೂ ನಕ್ಕರು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ? ಪ್ರಿಂಟು ತಗೊಂಡು ಗುರುತು ಹಾಕಿ ಕೊಡಿ, ಮುಗೀತು."

ಎಲ್ಲರೂ ಗೀಚಿ ಕೊಟ್ಟರು. ಅವನು ಸ್ಕೇಲು ತೆಗೆದ. ಏನು ಹೊಡೆದಿದ್ದೇನೆಂದು ಅವನಿಗೆ ಒಂದು ಸಾಲೂ ನೆನಪಿರಲಿಲ್ಲ. ಮೂರನೇ ಸಾಲಿನಲ್ಲಿ, ಪೆಟ್ಟಾದದ್ದು ಎಡ ಮೊಣಕಾಲಿಗೆ. ಹದಿನೆಂಟನೇ ಸಾಲಿನಲ್ಲಿ, ಆಪರೇಷನ್ ಆದದ್ದು ಬಲ ಮೊಣಕಾಲಿಗೆ. ಪರೀಕ್ಷೆಗೆಂದು ಕೊಟ್ಟಿದ್ದ ಹಾಳೆಯನ್ನು ನೋಡಿದ. ಯಾವುದೋ ಹಳೇ ವರದಿ. ಅದರಲ್ಲೂ ಹಾಗೇ ಇತ್ತು.

"ಸಾರ್, ಇದರಲ್ಲಿ ತಪ್ಪಿದೆ."

"ಕಂಪ್ಯೂಟರು ಸೊನ್ನೆ ಅಂತಿದೆಯಲ್ರೀ."

"ಕಂಪ್ಯೂಟರಿಗೆ ಮೊಣಕಾಲಿಲ್ಲ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ಬಂದು ಎರಡೂ ಸಾಲು ಓದಿದರು. ಅವರ ನಗು ಹೋಗಿತ್ತು. "ಇದು ಪರೀಕ್ಷೆ ಕಣ್ರೀ. ಆ ರೋಗಿ ಎದ್ದು ಮನೆಗೆ ಹೋಗಿ ಎಷ್ಟು ಕಾಲ ಆಯ್ತೋ. ನೀವು ಇದ್ದದ್ದನ್ನ ಇದ್ದ ಹಾಗೆ ಹೊಡೆದಿದ್ದೀರಿ. ಗುರುತು ಹಾಕಿ, ಕುರ್ಚಿ ನಿಮ್ಮದೇ."

"ಎದ್ದು ಹೋದನೋ, ಕುಂಟ್ಕೊಂಡು ಹೋದನೋ ಇದರಲ್ಲಿ ಗೊತ್ತಾಗಲ್ಲ ಸಾರ್. ನಾನು ಹಾಕಲ್ಲ."

"ಹಾಕದಿದ್ರೆ ಹಾಳೆ ಲೆಕ್ಕಕ್ಕಿಲ್ಲ. ಫೇಲು. ಗೊತ್ತು ತಾನೇ?"

"ಗೊತ್ತು. ಮೂಲೆ ಖಾಲಿ ಇದೆ, ಬೇಕಾದ್ರೆ ನೀವೇ ಹಾಕಿ."

ಅವನು ಪೆನ್ನನ್ನು ಹಾಳೆಯ ಮೇಲಿಟ್ಟು ಮುಂದಕ್ಕೆ ಸರಿಸಿದ. ಅಧಿಕಾರಿ ಪೆನ್ನು ಎತ್ತಿಕೊಂಡರು. ಮೂಲೆಯ ಮೇಲೆ ಅದು ಒಂದು ಕ್ಷಣ ನಿಂತಿತು. ಆಮೇಲೆ ಮುಚ್ಚಳ ಹಾಕಿ ಅವನ ಮುಂದೆಯೇ ಇಟ್ಟುಬಿಟ್ಟರು. ಸೋಮವಾರ ಅವನು ತನ್ನ ಸ್ಕೇಲು ಹಿಡಿದುಕೊಂಡು ನೆಲಮಾಳಿಗೆಗೆ ಇಳಿದ.

ಮೂರನೇ ದಿನ ಮಿಂಚು ಇಳಿದು ಬಂದಳು. ಕಂಕುಳಲ್ಲಿ ಐದಾರು ಹಾಳೆ.

"ಏನು, ಮೊಟ್ಟೆ ಕೇಳಕ್ಕೆ ಬಂದ್ಯಾ?"

"ಸುಮ್ನಿರಿ ಕೋಳಣ್ಣ." ಹಾಳೆಗಳನ್ನು ಅವನ ಮುಂದಿಟ್ಟಳು. "ಗುರುತು ನಂದೇ ಹಾಕ್ತೀನಿ. ಒಂದ್ಸಲ ಹೇಗೆ ಓದ್ಬೇಕು ಅಂತ ತೋರಿಸಿ."

ಅವನು ಸ್ಕೇಲನ್ನು ಅವಳ ಕೈಗೆ ಕೊಟ್ಟ.

ಭಾನುವಾರ ಅಕ್ಕನ ಬಾಯಿಗೆ ಅಣೆಕಟ್ಟೇ ಇರಲಿಲ್ಲ. "ನಲವತ್ತೇಳಂತೆ! ತಪ್ಪು ಸೊನ್ನೆಯಂತೆ! ಒಂದು ಗೀಟು ಎಳೆಯಕ್ಕೆ ನಿಂಗೇನು ರೋಗ ಬಂದಿತ್ತೋ?"

"ಓದಿದೆ ಅಕ್ಕ. ಸರಿ ಇರ್ಲಿಲ್ಲ."

ಅಕ್ಕ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಹೋಗ್ಲಿ, ಅದು ನಿನ್ನ ಹಟ. ಇದೊಂದು ಹೇಳು. ಹತ್ತು ಬೆರಳು ಇಷ್ಟು ಚೆನ್ನಾಗಿದ್ದೂ ಇಷ್ಟು ವರ್ಷ ಎರಡರಲ್ಲಿ ಯಾಕೋ ಕುಕ್ಕಿದೆ?"

ಅವನು ಪಕ್ಕದ ಹಳೇ ಟೈಪ್‌ರೈಟರಿನ ಒಂದು ಕೀಲಿಯನ್ನು ಒತ್ತಿದ. ಅಕ್ಷರದ ಕಡ್ಡಿ ಎದ್ದು, ಖಾಲಿ ರೋಲರಿಗೆ ಬಡಿದು, ಮತ್ತೆ ಮಲಗಿತು.

"ಅಭ್ಯಾಸ ಆಗೋಯ್ತು," ಎಂದ.

ಟೇಪಿನಲ್ಲಿ ಡಾಕ್ಟರು ಎಡಗಡೆ ಎಂದೇ, ಎರಡೆರಡು ಸಲ, ಬಿಡಿಸಿ ಹೇಳಿದ್ದರು ಎಂಬುದನ್ನು ಅವನು ಅಕ್ಕನಿಗೆ ಹೇಳಲಿಲ್ಲ. ಡಾಕ್ಟರು ಬದುಕಿರುವಷ್ಟು ದಿನ ಅವರಿಗೂ ಹೇಳಿರಲಿಲ್ಲ.