ಪಟ್ಟಾದ ಗಾಳಿ

ನಮ್ಮ ಹತ್ತಿ ಮಿಲ್ಲಿನಲ್ಲಿ ಎಲ್ಲರಿಗೂ ಬೇಕಾದ ಜಾಗ ಒಂದೇ, ಮಷೀನಿನ ದೊಡ್ಡ ಪಟ್ಟಾ, ಅಂದರೆ ಬೆಲ್ಟು, ಗಿರ್ರೆಂದು ತಿರುಗುವ ಮೂಲೆ. ಅಲ್ಲಿ ಗಾಳಿ ಬರುತ್ತದೆ. ಪಟ್ಟಾಕ್ಕೆ ತಗಡಿನ ಮುಚ್ಚಳವಿತ್ತು. ಶಹಾಪುರದ ಸೆಕೆಯಲ್ಲಿ ಅದು ಗಾಳಿ ತಡೆಯುತ್ತದೆಂದು ಹೆಂಗಸರೇ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು.

ಆ ಮೂಲೆ ನನ್ನ ಚಿಕ್ಕಮ್ಮ, ರೇಣಮ್ಮ ಚಿಗವ್ವನದು. ನಮ್ಮೂರು ಸಗರದಿಂದ ಬರುವ ಟಂಟಂ ಆಟೋದಿಂದ ಮೊದಲು ಜಿಗಿಯುವವಳು ಅವಳೇ. ಹೋದ ವಾರ ಅವಳ ಸೆರಗು ಪಟ್ಟಾದ ತನಕ ಹಾರಿ ಹಿಂದೆ ಬಂದದ್ದನ್ನು ನಾನು ಕಂಡೆ. ಅಂದಿನಿಂದ ನನ್ನ ಕೈ ಹತ್ತಿಯಲ್ಲಿ, ಕಣ್ಣು ಆ ಸೆರಗಿನಲ್ಲಿ. ಅವಳು ಹೇಳಿದರೆ ಕೇಳುವವಳಲ್ಲ. ದೊಡ್ಡವರಿಗೆ ಎದುರು ಹೇಳಲು ನನಗೆ ಬರುವುದೂ ಇಲ್ಲ.

ಸುರಕ್ಷತೆ ನೋಡಲು ಪರಿಮಳಾ ಮೇಡಂ ಬರುವ ದಿನ ಸೂಪರ್‌ವೈಸರ್ ದೇವಿಂದ್ರಪ್ಪ ಬೆಳಿಗ್ಗೆಯೇ ಕೂಗಿದ, "ಮುಚ್ಚಳ ಹಚ್ಚ್ರೆವ್ವಾ ಲಗೂನ!" ಬೋಲ್ಟುಗಳು ಯಾವಾಗಲೋ ಕಳೆದಿದ್ದವು. ಚಿಗವ್ವ ಜಡೆಯ ಕೆಂಪು ಟೇಪು ಬಿಚ್ಚಿ ಮುಚ್ಚಳವನ್ನು ಕಟ್ಟಿದಳು.

ಮೇಡಂ ಕೈಯಲ್ಲಿ ಹಾಳೆ, ಪೆನ್ನು. ಅವರ ಫೋನಿನಲ್ಲಿ ಫೋಟೋ ತೆಗೆಯಲು ಒಬ್ಬರು ಬೇಕಿತ್ತು.

"ಮಲ್ಲೇಶ್ವರಿ, ನೀ ಹೋಗು," ಅಂದ ದೇವಿಂದ್ರಪ್ಪ. "ನಿನಗ ಬಾಯಿ ಇಲ್ಲ, ಚಲೋ ಆತು."

ಮೇಡಂ ಬೆರಳು ತೋರಿಸಿದ್ದನ್ನೆಲ್ಲ ತೆಗೆದೆ. ಸಿಪ್ಪೆ ಸುಲಿದ ವೈರು, ಹತ್ತಿಯ ಪಕ್ಕ ಬೀಡಿ ತುಂಡು, ಒಣ ಚೆಂಡುಹೂವಿನ ಹಾರ ಸುತ್ತಿಕೊಂಡ ಬೆಂಕಿ ಆರಿಸುವ ಸಿಲಿಂಡರು.

"ಇದಕ್ಯಾಕ ಹಾರ?"

"ಆಯುಧ ಪೂಜಿದು ಉಳದದ್ರಿ," ಅಂದ ದೇವಿಂದ್ರಪ್ಪ. "ಚಾ ಆರ್ತದ್ರಿ ಮೇಡಂ, ಬರ್ರಿ. ಆ ಮೂಲ್ಯಾಗ ಏನಿಲ್ರಿ."

ಅವರಿಬ್ಬರೂ ಮುಂದೆ ಹೋದರು, ಫೋನು ನನ್ನ ಕೈಯಲ್ಲೇ ಇತ್ತು. ಚಿಗವ್ವ ಬೇಡವೆಂಬಂತೆ ನನ್ನತ್ತ ಕಣ್ಣು ಬಿಟ್ಟಳು. ಈ ಸಲ ಬೆರಳು ತೋರಿಸುವವರು ಯಾರೂ ಇರಲಿಲ್ಲ. ಟೇಪಿನ ಗಂಟಿಗೆ ಫೋನು ಹತ್ತಿರ ಹಿಡಿದು ಒತ್ತಿಬಿಟ್ಟೆ.

ಚಾ ಕುಡಿಯುತ್ತ ಫೋಟೋ ನೋಡುತ್ತಿದ್ದ ಮೇಡಂ ನಕ್ಕರು. "ದೇವಿಂದ್ರಪ್ಪನವ್ರ, ಮಷೀನಿಗೆ ಜಡಿ ಯಾರು ಹಾಕ್ಯಾರ?"

ಎಲ್ಲರೂ ಚಿಗವ್ವನ ಬಿಚ್ಚುಗೂದಲು ನೋಡಿದರು.

"ನಾನೇ ರೀ," ಅಂದಳು ಚಿಗವ್ವ. "ಅದನ್ನ ಮುಚ್ಚಿದ್ರ ಸೆಕಿಗೆ ಸಾಯ್ತೀವ್ರಿ. ನಮಗ ಗಾಳಿ ಬ್ಯಾಡೇನು?"

ಮೇಡಂ ನಗು ನಿಲ್ಲಿಸಿದರು. ಬೋಲ್ಟು ಹಾಕುವ ತನಕ ಮಷೀನು ಬಂದ್ ಎಂದು ಬರೆದರು. ಕೆಳಗೆ, ಆ ಮೂಲೆಗೊಂದು ಫ್ಯಾನು ಬೇಕು ಎಂದೂ ಬರೆದರು.

ಸಂಜೆ ಟಂಟಂನಲ್ಲಿ ಚಿಗವ್ವ ನನ್ನ ಪಕ್ಕ ಕೂರಲಿಲ್ಲ. "ಬಾಯಿಲ್ಲದಾಕಿ ಅಂತ ತಿಳದಿದ್ದೆ. ಇಕಿ ಬಾಯಿ ಬೆರಳಾಗದ ನೋಡ್ರೆ!"

ಫ್ಯಾನು ಬಂದ ದಿನ ಎಲ್ಲರಿಗಿಂತ ಮೊದಲು ಅದರ ಮುಂದೆ ಕೂತವಳೂ ಅವಳೇ. ಸೆರಗು ಪಟಪಟ ಹಾರಿತು. ನಾನು ಖಾಲಿ ಕೈಯನ್ನೇ ಫೋನಿನಂತೆ ಎತ್ತಿ ಆ ಸೆರಗಿನತ್ತ ಹಿಡಿದೆ.

"ತಡಿಯೇ ತಾಯಿ, ತಡಿ!" ಎನ್ನುತ್ತ ಚಿಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.