ಉರಿಯದ ಒಲೆಗಳು

ಗೆಂಡೆ ಮೀನಿನ ವಂಶದಲ್ಲಿ ಎಂದೋ ಜೀನುಗಳೆಲ್ಲ ಇಮ್ಮಡಿಯಾಗಿದ್ದವು. ಹಾಗಾಗಿ ಪ್ರೋಟೀನು ಕಟ್ಟುವ ರೈಬೋಸೋಮಿನ ಜೀನುಗಳ ಗುಂಪು ಎರಡರ ಬದಲು ನಾಲ್ಕು ಕಡೆ ಇರಬೇಕೆಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಗಿರಿಜಾಂಬಳ ಲೆಕ್ಕ. ಸ್ಲೈಡಿನ ಮೇಲಿನ ಮೀನಿನ ಜೀವಕೋಶಕ್ಕೆ ಆ ಜೀನುಗಳನ್ನು ಕಪ್ಪಾಗಿಸಿ ತೋರಿಸುವ ಬೆಳ್ಳಿ ದ್ರಾವಣ ಹಾಕಿದರೆ ಎರಡೇ ಕಡೆ ಕಪ್ಪಾಯಿತು. ದ್ರಾವಣವೇ ಕೆಟ್ಟಿದೆಯೆಂದು ಬೈದು, ಸ್ಲೈಡನ್ನು ಕಸದ ಬುಟ್ಟಿಗೆಸೆದು, ಶನಿವಾರ ಸಂಜೆ ಊರಿಗೆ ಮಾಗಡಿ ಬಸ್ಸು ಹತ್ತಿದಳು.

ಬೆಳಿಗ್ಗೆ ಅವ್ವ ಬಸವಲಿಂಗಮ್ಮ ನಾಲ್ಕು ಒಲೆ ಸಾರಿಸಿ, ನಾಲ್ಕಕ್ಕೂ ವಿಭೂತಿ ಬಳಿದು, ಎರಡನ್ನೇ ಹಚ್ಚಿದಳು.

"ಉರೀದಿರೋ ಒಲೆಗೂ ಯಾಕವ್ವ ವಿಭೂತಿ?"

"ಉರೀಲಿಲ್ಲ ಅಂದ್ರೆ ಅದು ಒಲೆ ಅಲ್ವೇನೆ? ನಮ್ಮಿಬ್ರಿಗೆ ಎರಡು ಸಾಕು. ನೆಂಟ್ರು ಬಂದ್ರೆ ಅವೂ ಉರೀತವೆ."

ಗಿರಿಜಾಂಬಳ ಕೈಯಲ್ಲಿ ಕಾಫಿ ಲೋಟ ಹಾಗೇ ನಿಂತಿತು. ಬೆಳ್ಳಿ ಕಪ್ಪಾಗಿಸುವುದು ಕೆಲಸ ಮಾಡುತ್ತಿರುವ ಜೀನುಗಳನ್ನು ಮಾತ್ರ ಎಂದು ತಾನೇ ಪಾಠ ಮಾಡಿದ್ದಳಲ್ಲ!

ಸೋಮವಾರ ಲ್ಯಾಬಿನ ಬುಟ್ಟಿಯಿಂದ ಸ್ಲೈಡ್ ಎತ್ತಿ, ಸೆರಗಿನಲ್ಲಿ ಮೆತ್ತಗೆ ಒರೆಸಿದಳು. ವಿಭೂತಿ ಬಳಿಯುವುದೊಂದು ಬಾಕಿ.